ಒಂದೇ ಹಿಡಿಗೆ ಆರು ಯಂತ್ರ

ಮೋಟಾರು ಸುತ್ತುವುದರಲ್ಲಿ ಫ್ಯೂಸಕ್ಕ ಎತ್ತಿದ ಕೈ. ಇದನ್ನು ಬೇರೆಯವರು ಹೇಳಲಿ ಎಂದು ಕಾಯುತ್ತ ಕೂರುವವಳಲ್ಲ ಅವಳು, ತಾನೇ ಹೇಳಿಕೊಳ್ಳುತ್ತಿದ್ದಳು. "ನಾನು ಸುತ್ತಿದ ಮೋಟಾರು ಸುಟ್ಟು ವಾಪಸ್ ಬರ್ಲಿ ನೋಡೋಣ, ಅದನ್ನ ತಲೆ ಮೇಲೆ ಹೊತ್ಕೊಂಡು ಈ ಬೀದಿ ಪೂರ್ತಿ ಓಡಾಡ್ತೀನಿ" ಎಂದು ಅಂಗಡಿಗೆ ಬಂದವರ ಮುಂದೆ ಎದೆ ತಟ್ಟಿಕೊಳ್ಳುವಳು. ಬರೀ ಬಾಯಿ ಬಡಾಯಿ ಎಂದುಕೊಳ್ಳಬೇಡಿ. ಸುಟ್ಟು ಕರಕಲಾದ ಮೋಟಾರನ್ನು ಬಿಚ್ಚಿ, ಹಳೆಯ ತಾಮ್ರದ ತಂತಿಯನ್ನೆಲ್ಲ ಕಿತ್ತು ಹಾಕಿ, ಹೊಸದನ್ನು ಸುತ್ತು ಸುತ್ತಾಗಿ ಕೂರಿಸಿ, ವಾರ್ನಿಷ್ ಹೊಯ್ದು ಒಣಗಿಸಿ ಕೊಟ್ಟಳೆಂದರೆ, ಆ ಮೋಟಾರು ಹೊಸತಾಗಿದ್ದಾಗಲೂ ಅಷ್ಟು ನಯವಾಗಿ ತಿರುಗಿರಲಿಕ್ಕಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಶೆಡ್ಡಿನಲ್ಲಿ ಫ್ಯೂಸು ಹೋದಾಗಲೆಲ್ಲ ಸ್ಟೂಲು ಹತ್ತಿ ತಂತಿ ಕಟ್ಟುತ್ತಿದ್ದವಳು ಅವಳೇ, ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ನಿಜವಾದ ಹೆಸರು ಹೇಳಿ ಕೇಳಿದರೆ ಬೀದಿಯಲ್ಲಿ ಯಾರೂ ಅವಳ ಅಂಗಡಿ ತೋರಿಸುತ್ತಿರಲಿಲ್ಲ.

ಅಪ್ಪನ ಮರಗೆಲಸದ ಶೆಡ್ಡು ಇದ್ದದ್ದು ಅವಳ ಅಂಗಡಿಯ ಎದುರಿಗೇ, ಬೀದಿ ದಾಟಿದರೆ ಆಯಿತು. ಅಪ್ಪನನ್ನು ಎಲ್ಲರೂ ದೊಡ್ಡ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಬಾಗಿಲು, ಕಿಟಕಿ, ಮೇಜು, ಕಪಾಟು, ಏನು ಹೇಳಿದರೂ ಸೈ. ವಯಸ್ಸಾಗಿದ್ದರೂ ಆಳು ಗಟ್ಟಿಮುಟ್ಟು, ಆದರೆ ಜೀವಮಾನವಿಡೀ ಗರಗಸದ ಪಕ್ಕದಲ್ಲಿ ನಿಂತು ನಿಂತು ಕಿವಿ ಮಂದವಾಗಿತ್ತು. ತಮಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂದು ಅವರು ತಿಳಿದಿದ್ದರೋ ಏನೋ, ಮಾತೆಲ್ಲ ಕೂಗೇ. ಅವರು ಯಾರ ಕಿವಿಯಲ್ಲಾದರೂ ಗುಟ್ಟು ಹೇಳಿದರೆ ಪಕ್ಕದ ಬೀದಿಯವರು ಹೌದೌದು ಎನ್ನುತ್ತಿದ್ದರು.

ಆ ಶೆಡ್ಡಿಗೆ ಒಂದು ರೂಢಿ ಇತ್ತು. ಗೋಡೆಯ ಮೇಲೆ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಉದ್ದನೆಯ ಹಿಡಿ. ಬೆಳಿಗ್ಗೆ ಮೇಸ್ತ್ರಿ ಕೈ ಒರೆಸಿಕೊಂಡು ಬಂದು ಆ ಹಿಡಿಯನ್ನು ಖಡಕ್ಕನೆ ಮೇಲೆತ್ತಿದರೆ ಗರಗಸ, ಪಟ್ಟಿಯ ಹಾಗೆ ಸುತ್ತುವ ಗರಗಸವಾದ ಬ್ಯಾಂಡ್‌ಸಾ, ಮರ ಕಡೆಯುವ ಲೇತು, ಸಾಣೆ ಯಂತ್ರ, ಹೊಟ್ಟು ಎಳೆಯುವ ಫ್ಯಾನು, ಎಲ್ಲವೂ ಒಟ್ಟಿಗೆ ಗುಡುಗುತ್ತ ಎದ್ದು ನಿಲ್ಲುತ್ತಿದ್ದವು. ಸಂಜೆ ಹಿಡಿ ಕೆಳಗೆಳೆದರೆ ಎಲ್ಲವೂ ಒಟ್ಟಿಗೆ ಮಲಗುತ್ತಿದ್ದವು. ಆ ಹಿಡಿ ಮುಟ್ಟುವ ಹಕ್ಕು ಮೇಸ್ತ್ರಿಯದು ಮಾತ್ರ. ಮಗನಾದರೂ ಅಷ್ಟೇ, ಮಗಳಾದರೂ ಅಷ್ಟೇ, ಕೈ ಹಾಕುವ ಹಾಗಿಲ್ಲ. ಬೆಳಗಿನ ಆ ಸದ್ದು ಕೇಳಿಯೇ ಬೀದಿಯ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುತ್ತಿದ್ದರು.

ಹೀಗಿರುವಾಗ ಶೆಡ್ಡಿಗೆ ದೊಡ್ಡ ಪ್ಲೇನರ್ ಬಂತು. ಅಗಲವಾದ ಹಲಗೆಯನ್ನು ಒಂದೇ ಸಲಕ್ಕೆ ಕೆತ್ತಿ ನುಣ್ಣಗೆ ಮಾಡುವ ಯಂತ್ರ. ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯದು, ಮೈಯೆಲ್ಲ ಬೀಡುಕಬ್ಬಿಣ, ಇಳಿಸಿಕೊಳ್ಳುವಾಗ ಬೀದಿಯ ಗಂಡಸರೆಲ್ಲ ಉಸ್ಸಪ್ಪಾ ಎಂದಿದ್ದರು. ತಗೋ ತಗೋ ಎಂದು ಅಪ್ಪನ ಬೆನ್ನು ಹತ್ತಿದವಳು ಫ್ಯೂಸಕ್ಕನೇ. "ಮೋಟಾರು ಸುಟ್ಟಿದೆಯಲ್ಲೇ!" ಎಂದು ಅಪ್ಪ ಮೂಗು ಮುರಿದಾಗ, "ಸುಟ್ಟಿದ್ರೆ ಸುಟ್ಟಿರ್ಲಿ ಬಿಡು, ನಾನೇನು ಸತ್ತಿದೀನಾ?" ಎಂದಿದ್ದಳು. ಮೋಟಾರನ್ನು ತನ್ನ ಅಂಗಡಿಗೆ ಒಯ್ದು, ಊಟ ತಿಂಡಿಯ ಪರಿವೆ ಇಲ್ಲದೆ ಕೂತು ಸುತ್ತಿ, ತಂದು ಜೋಡಿಸಿದಳು. ಮಧ್ಯಾಹ್ನ ಓಡಿಸಿ ನೋಡಿದರು. ಮೇಸ್ತ್ರಿ ಒಂದು ಹಲಗೆಯನ್ನು ಯಂತ್ರದ ಬಾಯಿಗೆ ಕೊಟ್ಟು ಆಚೆ ಕಡೆಯಿಂದ ತೆಗೆದುಕೊಂಡು ಅದರ ಮೇಲೆ ಅಂಗೈ ಆಡಿಸಿದರು. ಅವರು ಕೂಗಾಡಲಿಲ್ಲವೆಂದರೆ ಮೆಚ್ಚಿದರು ಎಂದೇ ಅರ್ಥ. ಆ ಸಂಜೆ ಫ್ಯೂಸಕ್ಕನ ಕಾಲು ನೆಲದ ಮೇಲೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಹಿಡಿ ಎತ್ತಿದರು. ಯಂತ್ರಗಳು ಗುರ್ರೆಂದು ಏಳಬೇಕು, ಅಷ್ಟರಲ್ಲಿ ಮೀಟರಿನ ಪಕ್ಕದಲ್ಲಿದ್ದ, ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ಬ್ರೇಕರು ಟಪ್ಪೆಂದು ಬಿದ್ದು ಇಡೀ ಕಟ್ಟಡ ಕತ್ತಲಾಯಿತು.

ಮೇಲಿನ ಮಹಡಿಯಿಂದ ದಡದಡ ಇಳಿದು ಬಂದವರು ಕಸೂತಿಯಮ್ಮ. ಕಟ್ಟಡ ಅವರದೇ. ಕೆಳಗಿನ ಶೆಡ್ಡನ್ನು ಬಾಡಿಗೆಗೆ ಕೊಟ್ಟು, ಮೇಲೆ ತಾವು ಕಸೂತಿ ಯಂತ್ರ ಇಟ್ಟುಕೊಂಡಿದ್ದರು. ಸಾಲಾಗಿ ಸೂಜಿಗಳಿರುವ, ಚಿತ್ರ ತುಂಬಿಸಿ ಕೊಟ್ಟರೆ ತಾನೇ ಹೊಲಿಯುವ ಯಂತ್ರ ಅದು. ಹೊಲಿಯುತ್ತಿರುವಾಗ ಕರೆಂಟು ಹೋದರೆ ಸೂಜಿ ಅಲ್ಲೇ ನಿಲ್ಲುತ್ತದೆ, ಮತ್ತೆ ಶುರುವಾದಾಗ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಅವರ ಕೈಯಲ್ಲಿದ್ದ ಬಟ್ಟೆಯ ಮೇಲೆ ಹೂವು ಒಂದು ಕಡೆ, ತೊಟ್ಟು ಇನ್ನೊಂದು ಕಡೆ ಇತ್ತು.

"ಮೇಸ್ತ್ರಿಗಳೇ, ಇದೇನು ಹೂವಾ, ಅಪಘಾತವಾ?" ಎಂದು ಅವರು ಬಟ್ಟೆಯನ್ನು ಮೇಸ್ತ್ರಿಯ ಮುಖಕ್ಕೆ ಹಿಡಿದರು. "ಮದುಮಗಳು ಹಾಕ್ಕೊಳ್ಳೋ ಬಟ್ಟೆ ಇದು. ಅವರಿಗೆ ನಾನು ಯಾವ ಮುಖ ಇಟ್ಕೊಂಡು ಕೊಡ್ಲಿ?"

ಒಂದು ದಿನವಾದರೆ ಹೋಗಲಿ ಎನ್ನಬಹುದಿತ್ತು. ಮಾರನೆಯ ಬೆಳಿಗ್ಗೆಯೂ ಅದೇ ಕತೆ, ಅದರ ಮಾರನೆಯ ಬೆಳಿಗ್ಗೆಯೂ ಅದೇ. ನಡುವೆ ಎಂದಾದರೂ ಬೀದಿಯ ಕರೆಂಟು ಹೋಗಿ ಬಂದರೆ ಆಗಲೂ ಟಪ್. ಕಸೂತಿಯಮ್ಮ ದಿನಕ್ಕೊಂದು ಸೊಟ್ಟ ಹೂವು ಹಿಡಿದು ಇಳಿದು ಬರತೊಡಗಿದರು.

ಮೇಸ್ತ್ರಿ ಯೋಚಿಸಿದರು. ಪ್ಲೇನರ್ ಬರುವ ಮೊದಲು ಈ ಕಾಟ ಇರಲಿಲ್ಲ, ಬಂದ ಮೇಲೆ ಶುರುವಾಯಿತು. ಪ್ಲೇನರಿನಲ್ಲಿ ಹೊಸದು ಏನು? ಮಗಳು ಸುತ್ತಿದ ಮೋಟಾರು. ಅವರ ಪಾಲಿಗೆ ವಿಚಾರಣೆ ಅಲ್ಲಿಗೆ ಮುಗಿಯಿತು. ಬಾಗಿಲಲ್ಲಿ ನಿಂತು ಕಸೂತಿಯಮ್ಮನಿಗೆ ಸಮಾಧಾನ ಹೇಳಿದರು, ಅಂದರೆ ಇಡೀ ಬೀದಿಗೆ ಹೇಳಿದರು: "ನನ್ನ ಮಗಳು ವೈಂಡಿಂಗು ಸರಿಯಾಗಿ ಮಾಡಿಲ್ಲ! ಮೋಟಾರು ಕರೆಂಟನ್ನ ಕುಡಿದು ಹಾಕ್ತಿದೆ!"

ಎದುರು ಅಂಗಡಿಯಲ್ಲಿ ತಂತಿ ಕತ್ತರಿಸುತ್ತಿದ್ದ ಫ್ಯೂಸಕ್ಕನ ಕೈ ಅಲ್ಲೇ ನಿಂತಿತು. ಬೇರೆ ಯಾರಾದರೂ ಅಂದಿದ್ದರೆ ಕತ್ತರಿ ಹಿಡಿದೇ ಬೀದಿಗಿಳಿಯುತ್ತಿದ್ದಳು. ಅಂದವನು ಅಪ್ಪ! ಅದೂ ಆ ಗಂಟಲಿನಲ್ಲಿ! ಅವಳ ಪಿತ್ತ ನೆತ್ತಿಗೇರಿತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಅವಳು ತಂತಿ ಕತ್ತರಿಸಿದಳು, ಅಳತೆ ತಪ್ಪಿತು.

ಮಾತಿಗೆ ಕಾಲು ಬರಲು ಎಷ್ಟು ಹೊತ್ತು? ಸಂಜೆಗೆ ಹಿಟ್ಟಿನ ಗಿರಣಿಯವನು ತಳ್ಳುಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿ ತಲೆ ಕೆರೆದುಕೊಂಡ.

"ತಪ್ಪು ತಿಳ್ಕೋಬೇಡಿ ಅಕ್ಕಾ. ನಮ್ಮ ಮೋಟಾರು ವಾಪಸ್ ತಗೊಂಡು ಹೋಗೋಣ ಅಂತ..."

"ಇನ್ನೂ ಬಿಚ್ಚೇ ಇದೆಯಲ್ಲೋ! ಅರ್ಧ ಕೆಲಸ ಬಾಕಿ ಇದೆ."

"ಹಾಗೇ ಕೊಟ್ಬಿಡಿ. ಬೇರೆ ಯಾರಾದ್ರೂ ಅಂದಿದ್ರೆ ನಾನು ಸೊಪ್ಪು ಹಾಕ್ತಿರ್ಲಿಲ್ಲ. ನಿಮ್ಮಪ್ಪಾನೇ ಹಾಗಂದ ಮೇಲೆ ಹೇಗೆ ಹೇಳಿ?"

ಬಿಚ್ಚಿಟ್ಟ ಮೋಟಾರನ್ನು ಅವಳು ತುಟಿ ಕಚ್ಚಿಕೊಂಡು ಗಾಡಿಗೆ ಎತ್ತಿಟ್ಟಳು. ಮರುದಿನ ಇನ್ನಿಬ್ಬರು ಬಂದು ತಮ್ಮ ತಮ್ಮ ಮೋಟಾರು ಒಯ್ದರು. ಅದರ ಮೇಲೆ ಕಸೂತಿಯಮ್ಮ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು, ಈ ವಾರ ಮುಗಿಯುವುದರೊಳಗೆ ಆ ಪ್ಲೇನರ್ ಶೆಡ್ಡಿನಿಂದ ಆಚೆ ಹೋಗಬೇಕು ಎಂದು. ಮೇಸ್ತ್ರಿ ಆಗಲಿ ಎಂದರು. ಫ್ಯೂಸಕ್ಕನಿಗೆ ಚೆನ್ನಾಗಿ ಗೊತ್ತಿತ್ತು, ಯಂತ್ರ ಗಾಡಿ ಹತ್ತಿದರೆ ತನ್ನ ಹೆಸರೂ ಅದರ ಜೊತೆ ಗಾಡಿ ಹತ್ತಿದಂತೆಯೇ. ಇಷ್ಟು ವರ್ಷ ಕೈ ಸುಟ್ಟುಕೊಂಡು ಕಟ್ಟಿದ ಹೆಸರು ಅದು. ಆಮೇಲೆ ಎದೆ ತಟ್ಟಿಕೊಳ್ಳುವುದಿರಲಿ, ಈ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗೂ ಇರುವುದಿಲ್ಲ.

"ಆಚೆ ಹಾಕೋದಾ? ನೋಡೇ ಬಿಡೋಣ" ಎಂದು ಅವಳು ಕ್ಲಾಂಪ್ ಮೀಟರು ಕೈಗೆತ್ತಿಕೊಂಡಳು. ತಂತಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುವ ಮೀಟರು ಅದು. ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಶೆಡ್ಡಿಗೆ ನುಗ್ಗಿ ಪ್ಲೇನರಿನ ಮೈ ಮೇಲಿನ ಸ್ವಿಚ್ಚು ಹಾಕಿ ಅದೊಂದನ್ನೇ ಓಡಿಸಿ ಅಳೆದಳು. ಮೋಟಾರಿಗೆ ಹೋಗುವ ಮೂರು ತಂತಿಯಲ್ಲೂ ಕರೆಂಟು ಸಮಸಮ. ಮೈ ಮುಟ್ಟಿ ನೋಡಿದಳು, ಬಿಸಿ ಇಲ್ಲ. ಕಿವಿಗೊಟ್ಟು ಕೇಳಿದಳು, ಒಂದು ಅಪಸ್ವರ ಇಲ್ಲ.

"ನೋಡೋ" ಎಂದು ತಮ್ಮನನ್ನು ಕರೆದಳು. ತಮ್ಮ ಅಪ್ಪನ ಜೊತೆ ಅದೇ ಶೆಡ್ಡಿನಲ್ಲಿ ಕೆಲಸ ಮಾಡುವವನು. ಅಪ್ಪ ಹೇಳಿದ್ದಕ್ಕೂ ಹೂಂ, ಅಕ್ಕ ಹೇಳಿದ್ದಕ್ಕೂ ಹೂಂ, ಮನೆಯಲ್ಲಿ ಶಾಂತಿ ಉಳಿದಿದ್ದರೆ ಅವನ ಆ ಹೂಂನಿಂದಲೇ. "ವೈಂಡಿಂಗಲ್ಲಿ ಲೋಪ ಇದ್ರೆ ಇದು ಹೀಗೆ ಓಡುತ್ತೇನೋ?"

"ಹೂಂ, ಇಲ್ಲ. ಮತ್ತೆ ಬ್ರೇಕರ್ ಯಾಕೆ ಬೀಳುತ್ತೆ?"

"ತುಂಬಿದ ಗಾಡೀನ ತಳ್ಳಿದೀಯಲ್ಲ? ನಿಂತಿರೋದನ್ನ ಕದಲಿಸೋವಾಗ ಎಷ್ಟು ದಮ್ ಕಟ್ತೀಯ, ಉರುಳೋಕೆ ಶುರುವಾದ ಮೇಲೆ ಎಷ್ಟು ಕಟ್ತೀಯ? ಮೋಟಾರೂ ಅಷ್ಟೇ. ಮಲಗಿದ್ದು ಏಳೋವಾಗ ಓಡೋವಾಗಿನ ಐದಾರು ಪಟ್ಟು ಕರೆಂಟು ಎಳ್ಕೊಳ್ಳುತ್ತೆ. ಸ್ವಲ್ಪ ಹೊತ್ತು ಮಾತ್ರ. ವೇಗ ಬಂತು ಅಂದ್ರೆ ತಣ್ಣಗಾಗುತ್ತೆ. ಇದು ದೊಡ್ಡ ಮೋಟಾರು, ಎಳ್ಕೊಳ್ಳೋದೂ ದೊಡ್ಡದು. ಆ ಒಂದು ಗುಕ್ಕನ್ನ ಬ್ರೇಕರ್ ತಡ್ಕೊಳ್ತಿಲ್ಲ. ಅದಕ್ಕೆ ಮದ್ದು ನನ್ನ ಹತ್ರ ಇದೆ."

ಮದ್ದು ಅಂದರೆ ಸಾಫ್ಟ್ ಸ್ಟಾರ್ಟರ್ ಎನ್ನುವ ಪೆಟ್ಟಿಗೆ. ಮೋಟಾರಿಗೆ ಒಮ್ಮೆಲೇ ಪೂರಾ ಕರೆಂಟು ಬಿಡದೆ, ಮೆಲ್ಲ ಮೆಲ್ಲಗೆ ಏರಿಸುತ್ತ ಎಬ್ಬಿಸುತ್ತದೆ. ಅವಳು ಅದನ್ನು ತರಿಸಿ ಪ್ಲೇನರಿಗೆ ಜೋಡಿಸಿದಳು. ಹಿಡಿ ಎತ್ತಿದ ಕೂಡಲೇ ಪ್ಲೇನರೂ ಉಳಿದವುಗಳ ಜೊತೆ ತಾನಾಗಿ ಏಳುವಂತೆ ತಂತಿ ಕೊಟ್ಟಳು. ಹಾಗೆ ಕೊಡಬೇಕೋ ಬೇಡವೋ ಎಂದು ಯೋಚಿಸಲೂ ಇಲ್ಲ, ಆ ಶೆಡ್ಡಿನಲ್ಲಿ ಎಲ್ಲವೂ ಏಳುವುದೇ ಹಾಗಲ್ಲವೇ. ಮಧ್ಯಾಹ್ನ ಪ್ಲೇನರ್ ಒಂದನ್ನೇ ಹಾಕಿ ನೋಡಿದರೆ ಅದು ಮಗು ನಿದ್ದೆಯಿಂದ ಏಳುವ ಹಾಗೆ ಸದ್ದಿಲ್ಲದೆ ಎದ್ದಿತು, ಬಲ್ಬು ಒಂದು ಚೂರೂ ಮಂಕಾಗಲಿಲ್ಲ.

ಸರಿ, ಇನ್ನು ಅವಳನ್ನು ಹಿಡಿಯುವವರು ಯಾರು? ಬೀದಿ ಮಧ್ಯೆ ನಿಂತು ಅಪ್ಪನಿಗಿಂತ ಜೋರಾಗಿ ಕೂಗಿ ಹೇಳಿದಳು, "ನಾಳೆ ಬೆಳಿಗ್ಗೆ ಎಲ್ರೂ ಬನ್ನಿ! ನನ್ನ ವೈಂಡಿಂಗು ಏನು ಅಂತ ಕಣ್ಣಾರೆ ನೋಡಿ!" ಗಿರಣಿಯವನ ಮನೆಗೂ ಹೋಗಿ ಹೇಳಿ ಬಂದಳು.

ಬಂದರು. ಕೆಲಸವಿದ್ದವರೂ ಬಂದರು, ಕೆಲಸವಿಲ್ಲದವರಂತೂ ಎಲ್ಲರಿಗಿಂತ ಮುಂಚೆ ಬಂದರು. ಮೇಸ್ತ್ರಿ ಕೈ ಒರೆಸಿಕೊಂಡು ಹಿಡಿ ಎತ್ತಿದರು. ಯಂತ್ರಗಳು ಗುಡುಗಿದವು. ಟಪ್. ಕತ್ತಲು.

ಮೊದಲು ನಕ್ಕವನು ಯಾರೋ ಗೊತ್ತಾಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು. "ಅಕ್ಕಾ, ಮೋಟಾರು ತಲೆ ಮೇಲೆ ಹೊತ್ಕೊಂಡು ಯಾವಾಗ ಹೊರಡ್ತೀರಿ?" ಎಂದು ಒಬ್ಬ ಕೇಳಿದ. ಗಿರಣಿಯವನು ಮಾತ್ರ ನಗಲಿಲ್ಲ, ನೆಲ ನೋಡುತ್ತ ಹೊರಟುಹೋದ. ಅದು ನಗುವಿಗಿಂತ ಹೆಚ್ಚು ನಾಟಿತು. ಮೇಲಿನಿಂದ ಕಸೂತಿಯಮ್ಮನ ಧ್ವನಿ ಕೇಳಿತು, "ನಾಳೆ! ನಾಳೆ ಗಾಡಿ ಕರೆಸಿ! ನನಗೆ ಇನ್ನು ಸಾಕು!" ಮೇಸ್ತ್ರಿ ಮಗಳ ಕಡೆ ತಿರುಗಿ, "ನಾನು ಹೇಳ್ಲಿಲ್ವಾ?" ಎಂದು ಕೂಗಿದರು.

ಫ್ಯೂಸಕ್ಕ ಅಲ್ಲೇ ಇದ್ದ ಹಲಗೆಯ ರಾಶಿಯ ಮೇಲೆ ಕುಸಿದು ಕೂತಳು. ಜೀವನದಲ್ಲಿ ಮೊದಲ ಸಲ ಅವಳಿಗೆ ತನ್ನ ಕೈ ಮೇಲೆಯೇ ಅನುಮಾನ ಬಂತು. ಎಲ್ಲಾದರೂ ಸುತ್ತು ತಪ್ಪಿದೆನೇ? ಅಂಥದ್ದು ಆಗಿದ್ದರೆ ಮೀಟರು ಹೇಳುತ್ತಿರಲಿಲ್ಲವೇ?

ಜನ ಚದುರಿದರು. ಅವಳ ತಮ್ಮ, ಬ್ರೇಕರು ಎತ್ತುವ ಮೊದಲು, ಶೆಡ್ಡಿನೊಳಗೆ ಒಂದು ಸುತ್ತು ಹಾಕತೊಡಗಿದ. ಗರಗಸದ ಹತ್ತಿರ ಬಗ್ಗಿದ, ಲೇತಿನ ಹಿಂದೆ ಕೈ ಹಾಕಿದ, ಫ್ಯಾನಿನ ಹತ್ತಿರ ಹೋದ. ಫ್ಯೂಸಕ್ಕ ಕೂತಲ್ಲಿಂದಲೇ ಕೇಳಿದಳು.

"ಏನ್ ಮಾಡ್ತಿದೀಯೋ?"

"ಸ್ವಿಚ್ಚು ಆರಿಸ್ತಿದೀನಿ. ಆರಿಸದೆ ಬ್ರೇಕರ್ ಎತ್ತಿದ್ರೆ ಅದು ಮತ್ತೆ ಬೀಳುತ್ತೆ. ಆಮೇಲೆ ಒಂದೊಂದಾಗಿ ಹಾಕ್ತೀನಿ, ಆಗ ನಿಲ್ಲುತ್ತೆ. ದಿನಾ ಹೀಗೇ ಮಾಡ್ತಿರೋದು."

"ಆರಿಸ್ತಿದೀಯಾ? ಅಂದ್ರೆ ಹಿಡಿ ಎತ್ತೋವಾಗ ಎಲ್ಲಾ ಸ್ವಿಚ್ಚೂ ಹಾಕೇ ಇರುತ್ತಾ?"

ತಮ್ಮ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಇದೇನಕ್ಕ ಹೀಗೆ ಕೇಳ್ತೀಯ? ನಮ್ಮ ಶೆಡ್ಡಲ್ಲಿ ಹಿಡಿ ಎತ್ತೋವಾಗ ಸ್ವಿಚ್ಚು ಯಾವತ್ತು ಆರಿತ್ತು ಹೇಳು?"

ಫ್ಯೂಸಕ್ಕ ಎದ್ದು ನಿಂತಳು. ಅಯ್ಯೋ ಅಯ್ಯೋ! ಬೇರೆ ಯಾವ ಕಾರ್ಖಾನೆಯವನು ಕರೆದಿದ್ದರೂ ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆ, ಎಷ್ಟು ಮೋಟಾರು ಒಟ್ಟಿಗೆ ಏಳುತ್ತವೆ ಎಂಬುದು. ಇಲ್ಲಿ ಕೇಳಲೇ ಇಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಗುಡುಗು ಅದು, ಅದರ ಮೇಲೆ ಅನುಮಾನ ಪಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಐದು ಮೋಟಾರು ಒಟ್ಟಿಗೆ ಎದ್ದು ಒಂದೊಂದೂ ಐದಾರು ಪಟ್ಟು ಎಳೆದಾಗ ಬ್ರೇಕರು ಹೇಗೋ ಹಲ್ಲು ಕಚ್ಚಿ ತಡೆದುಕೊಂಡಿತ್ತು. ಆರನೆಯದು ಎಷ್ಟೇ ಮೆಲ್ಲಗೆ ಎದ್ದರೂ ಆ ಹೊರೆಯ ಮೇಲೆ ಅದೂ ಸೇರಿ ಬ್ರೇಕರಿನ ಕೈ ಮೀರುತ್ತಿತ್ತು. ಅದಕ್ಕೇ ಮಧ್ಯಾಹ್ನ ಎಂದೂ ಬೀಳಲಿಲ್ಲ. ಅದಕ್ಕೇ ಬೆಳಿಗ್ಗೆ, ಮತ್ತೆ ಕರೆಂಟು ಹೋಗಿ ಬಂದಾಗ ಮಾತ್ರ ಬೀಳುತ್ತಿತ್ತು. ಮತ್ತೆ ತಾನು! ಆ ಸ್ಟಾರ್ಟರನ್ನೂ ಹಿಡಿಯ ಜೊತೆಗೇ ಏಳುವಂತೆ ಕಟ್ಟಿ ಕೂತಿದ್ದವಳು ತಾನೇ! ಅವಳು ಹಣೆ ಚಚ್ಚಿಕೊಂಡು ಗಟ್ಟಿಯಾಗಿ ನಕ್ಕಳು.

"ಅಕ್ಕ, ನೀನು ಹುಷಾರಾಗಿದೀಯಾ?" ಎಂದ ತಮ್ಮ.

"ಇಷ್ಟು ಹುಷಾರಾಗಿ ಎಂದೂ ಇರ್ಲಿಲ್ಲ. ಅಪ್ಪ ಎಲ್ಲಿ?"

ಅಪ್ಪ ಹಿತ್ತಿಲಲ್ಲಿ ಗರಗಸದ ಹಲ್ಲನ್ನು ಅರದಿಂದ ಉಜ್ಜಿ ಹರಿತ ಮಾಡುತ್ತಿದ್ದರು. ಫ್ಯೂಸಕ್ಕ ಎದುರಿಗೆ ಕೂತು, ಮುಖ ಕಾಣುವ ಹಾಗೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಸಂಜೆ ಕೆಲಸ ಮುಗಿದ ಮೇಲೆ ಒಂದೊಂದು ಯಂತ್ರದ ಸ್ವಿಚ್ಚೂ ಆರಬೇಕು. ಬೆಳಿಗ್ಗೆ ಹಿಡಿ ಎತ್ತಿದಾಗ ಏನೂ ಏಳಬಾರದು. ಮೊದಲು ದೊಡ್ಡದು, ಅಂದರೆ ಪ್ಲೇನರ್. ಅದು ಪೂರ್ತಿ ವೇಗಕ್ಕೆ ಬಂದ ಮೇಲೆ ಮುಂದಿನದು. ಅದು ಬಂದ ಮೇಲೆ ಅದರ ಮುಂದಿನದು. ಆಮೇಲೆ ತಾನು ಎಲ್ಲದಕ್ಕೂ ಬಟನ್ ಇಟ್ಟು ಕೊಡುತ್ತೇನೆ ಎಂದಳು, ಕರೆಂಟು ಹೋಗಿ ಬಂದರೂ ಯಾವುದೂ ತಾನಾಗಿ ಏಳದಂತೆ.

"ಗರಗಸದ ಮೇಲೆ ತಮ್ಮ ಬಗ್ಗಿರೋವಾಗ ಕರೆಂಟು ಬಂದ್ರೆ ಏನ್ ಗತಿ, ಅದನ್ನಾದ್ರೂ ಯೋಚನೆ ಮಾಡಿದೀಯಾ ಅಪ್ಪ?"

ಮೇಸ್ತ್ರಿ ಅರ ಕೆಳಗಿಟ್ಟರು. "ಅಂದ್ರೆ ತಪ್ಪು ನನ್ನದು ಅಂತೀಯ!"

"ಹೌದು."

"ನೀನು ಹುಟ್ಟೋಕೆ ಮುಂಚಿನಿಂದ ಎತ್ತಿದ ಹಿಡಿ ಅದು! ಆಗ ತಂದ ಯಂತ್ರಗಳ ಸ್ವಿಚ್ಚೆಲ್ಲ ಲಡ್ಡು ಹಿಡಿದಿದ್ವು. ದಿನಾ ಹಾಕಿ ಆರಿಸಿದ್ರೆ ಕೈಗೇ ಬರ್ತಿದ್ವು. ಅದಕ್ಕೆ ಒಂದೇ ಹಿಡೀಲಿ ಎಲ್ಲ ಅಂತ ಮಾಡಿದ್ದು. ನಿನಗೇನು ಗೊತ್ತು?"

"ಈಗಿನ ಸ್ವಿಚ್ಚು ಗಟ್ಟಿ ಇದಾವೆ. ನಾನೇ ಹಾಕಿದ್ದು."

"ಆಗಲ್ಲ."

"ಯಾಕೆ ಆಗಲ್ಲ?"

"ಆಗಲ್ಲ ಅಂದ್ರೆ ಆಗಲ್ಲ!"

"ಅಪ್ಪ, ಆರು ಸ್ವಿಚ್ಚು ಹಾಕೋಕೆ ನಿನ್ನ ಗಂಟೇನು ಹೋಗುತ್ತೆ? ನನ್ನ ಮರ್ಯಾದೆ ಬೀದಿ ಪಾಲಾಗಿದೆ, ನೀನು ಹಿಡಿ ಹಿಡಿ ಅಂತ ಹಟ ಹಿಡಿದು ಕೂತಿದೀಯ!"

ಮೇಸ್ತ್ರಿ ಗರಗಸದ ಹಲ್ಲುಗಳನ್ನು ಬೆರಳಿನಿಂದ ಸವರಿದರು. ಆಮೇಲೆ ಮಾತಾಡಿದರು, ಮೆಲ್ಲಗೆ. ಅವರ ಮೆಲುದನಿ ಹೇಗಿರುತ್ತದೆ ಎಂದು ಮಗಳಿಗೆ ಮರೆತೇ ಹೋಗಿತ್ತು.

"ನನಗೆ ಎಷ್ಟು ಕೇಳಿಸುತ್ತೆ ಅಂದ್ಕೊಂಡಿದೀಯ?" ಎಂದರು. "ನೀವು ತುಟಿ ಆಡಿಸೋದು ನೋಡಿ ಮಾತಾಡ್ತೀನಿ. ಗರಗಸ ಓಡ್ತಿದೆ ಅಂತ ಗೊತ್ತಾಗೋದು ಹೊಟ್ಟು ಹಾರೋದು ನೋಡಿ. ಬೆಳಿಗ್ಗೆ ಏನೂ ಇಲ್ಲದೆ ಇದ್ದದ್ದು ಒಮ್ಮೆಲೇ ಎಲ್ಲಾ ಸೇರಿ ಎದ್ದು ನಿಲ್ಲುತ್ತಲ್ಲ, ಅದು ಕೇಳಿಸುತ್ತೆ. ಎದೆಗೆ ಬಂದು ಬಡಿಯುತ್ತೆ. ಆಮೇಲೆ ರಾತ್ರಿ ತನಕ ಏನೂ ಇಲ್ಲ. ದಿನಕ್ಕೆ ಅದೊಂದು ಶಬ್ದ ನನಗೆ."

ಕಿವಿ ಮಂದ ಎಂದು ಮನೆಯವರೆಲ್ಲ ನಗೆಯಾಡಿದ್ದೇ ಆಡಿದ್ದು, ಇಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ಹೋಗಲಿ ಬಿಡು ಅಪ್ಪ, ಪ್ಲೇನರ್ ಕಳಿಸಿಬಿಡೋಣ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿಕೊಂಡಳು. ಕರಗಿಹೋಗಿ ತನ್ನ ಕೆಲಸವನ್ನು ಕೆಟ್ಟದ್ದು ಎಂದು ಒಪ್ಪಿಕೊಳ್ಳುವ ಜಾತಿಯವಳಲ್ಲ ಅವಳು, ಅಪ್ಪನಿಗಾಗಿಯೂ ಅಲ್ಲ.

"ಎತ್ತಬೇಡ ಅಂತ ನಾನು ಹೇಳಲ್ಲ ಅಪ್ಪ" ಎಂದಳು, ಒಂದೊಂದು ಮಾತನ್ನೂ ತುಟಿಯ ಮೇಲೆ ಕಾಣುವಂತೆ. "ಆ ಹಿಡಿ ನಿನ್ನದು. ಬೇಕಿದ್ರೆ ನಾಳೆ ಪ್ಲೇನರ್ ಗಾಡಿಗೆ ಹಾಕಿ ಕಳಿಸು. ಆದ್ರೆ ವೈಂಡಿಂಗ್ ಕೆಟ್ಟಿತ್ತು ಅಂತ ಮಾತ್ರ ಇನ್ನೊಂದು ಸಲ ಅನ್ಬೇಡ. ಅದು ಸುಳ್ಳು. ನಿನ್ನ ಬಾಯಲ್ಲಿ ಸುಳ್ಳು ಕೇಳಿ ನನಗೆ ಅಭ್ಯಾಸ ಇಲ್ಲ."

ಮೇಸ್ತ್ರಿ ಮತ್ತೆ ಅರ ಕೈಗೆತ್ತಿಕೊಂಡರು. ಅವಳು ಎದ್ದು ಬಂದಳು. ಆ ದಿನ ಅವಳ ಅಂಗಡಿಗೆ ಯಾರೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಫ್ಯೂಸಕ್ಕ ಅಂಗಡಿ ಬಾಗಿಲು ತೆಗೆಯುವಾಗ ಎದುರಿನ ಶೆಡ್ಡಿನ ಬಾಗಿಲು ತೆರೆದಿತ್ತು. ಪ್ಲೇನರ್ ಒಯ್ಯಲು ಗಾಡಿಯೂ ಬಂದು ನಿಂತಿತ್ತು, ಗಾಡಿಯವನು ಚಹಾ ಕುಡಿಯುತ್ತಿದ್ದ. ನೋಡಬಾರದು ಎಂದು ಅವಳು ಬೆನ್ನು ತಿರುಗಿಸಿ ತಂತಿಯ ಉರುಳೆ ಬಿಚ್ಚತೊಡಗಿದಳು. ಖಡಕ್ ಎಂದು ಹಿಡಿ ಎತ್ತಿದ ಸದ್ದಾಯಿತು.

ಏನೂ ಏಳಲಿಲ್ಲ. ಗುಡುಗಿಲ್ಲ, ಟಪ್ ಇಲ್ಲ, ಏನೂ ಇಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಶೆಡ್ಡಿನ ಕಡೆ ನೋಡಿದರು. ಎದುರು ಮನೆಯ ಅಜ್ಜಿ ಕಿಟಕಿ ತೆಗೆದು, "ಮೇಸ್ತ್ರಿ ಹುಷಾರಾಗಿದಾನೇನ್ರೋ?" ಎಂದು ಕೇಳಿದಳು.

ಅಷ್ಟರಲ್ಲಿ ಒಂದೇ ಒಂದು ಯಂತ್ರ ಮೆಲ್ಲಗೆ ದನಿ ಎತ್ತಿತು. ಆ ದನಿ ಯಾವುದೆಂದು ಫ್ಯೂಸಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉರುಳೆ ಎಸೆದು ಬೀದಿ ದಾಟಿ ಓಡಿದಳು.

ಮೇಸ್ತ್ರಿ ಪ್ಲೇನರಿನ ಮೈ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಯಂತ್ರ ಏರುತ್ತ ಏರುತ್ತ ಒಂದು ಹದಕ್ಕೆ ಬಂದು ನಿಂತ ಕೂಡಲೇ, "ಹಾಂ, ಬಂತು!" ಎಂದು ಕೂಗಿ ಫ್ಯಾನಿನ ಹತ್ತಿರ ನಡೆದರು. ಅದರ ಸ್ವಿಚ್ಚು ಹಾಕಿ ಅದರ ಮೈ ಮೇಲೂ ಅಂಗೈ ಇಟ್ಟರು. ಅದು ನಿಧಾನದ್ದು, ಅವರೂ ನಿಧಾನವಾಗಿ ಕಾದರು. "ಬಂತು!" ಆಮೇಲೆ ಗರಗಸ. ಆಮೇಲೆ ಬ್ಯಾಂಡ್‌ಸಾ. ಲೇತು. ಕೊನೆಗೆ ಸಾಣೆ ಯಂತ್ರ. ಮಗಳ ಮೀಟರು ಹೇಳುವುದಕ್ಕೆ ಸರಿಯಾಗಿ ಅವರ ಅಂಗೈ ಹೇಳುತ್ತಿತ್ತು, ಒಂದು ಸಲವೂ ಅವಸರ ಮಾಡಲಿಲ್ಲ. ಹಿಂದಿನ ಸಂಜೆ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಿದ್ದು ಅಪ್ಪನೇ ಎಂದು ತಮ್ಮ ಅವಳ ಕಿವಿಯಲ್ಲಿ ಹೇಳಿದ. ಆರೂ ಯಂತ್ರ ಓಡುತ್ತಿದ್ದವು. ಮೇಲೆ ಬಲ್ಬು ಮಿಟುಕದೆ ಉರಿಯುತ್ತಿತ್ತು.

ಕಸೂತಿಯಮ್ಮ ಇಳಿದು ಬಂದರು. ಕೈಯಲ್ಲಿ ಒಂದು ಬಟ್ಟೆ ಇತ್ತು, ಮುಖ ಸಿಂಡರಿಸಿಕೊಂಡಿತ್ತು.

"ಇವತ್ತೂ ಹಾಳಾಗುತ್ತೆ ಅಂತ ಹರಕು ದಿಂಬಿನ ಚೀಲ ಹಾಕಿ ಕೂತಿದ್ದೆ" ಎಂದು ಅದನ್ನು ಬಿಡಿಸಿ ತೋರಿಸಿದರು. ಇಷ್ಟು ದಿನದಲ್ಲಿ ಅಷ್ಟು ಚೆಂದದ ಹೂವು ಯಾರೂ ನೋಡಿರಲಿಲ್ಲ, ಎಸಳು, ತೊಟ್ಟು, ಎಲೆ, ಎಲ್ಲ ಸೇರಿಕೊಂಡಿತ್ತು. "ಬಂದದ್ದು ಬಂತು, ಹರಕು ಚೀಲದ ಮೇಲೆ ಬಂತು! ಮೊದಲೇ ಹೇಳಬಾರದಿತ್ತಾ? ಆ ಗಾಡಿಯವನನ್ನ ಕಳಿಸಿ ಇಲ್ಲಿಂದ, ದಾರಿಗೆ ಅಡ್ಡ ನಿಲ್ಸಿದಾನೆ."

ಅವರ ತುಟಿ ನೋಡಿ ಮೇಸ್ತ್ರಿಗೆ ಅರ್ಥವಾಯಿತು. ಅವರು ಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ನಿಂತರು. ಬೀದಿಯ ಆ ತುದಿಯಲ್ಲಿ ಗಿರಣಿ. ಗಿರಣಿಯವನು ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದ.

"ಏಯ್ ಗಿರಣಿ!" ಎಂದು ಮೇಸ್ತ್ರಿ ಕೂಗಿದರು. ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. "ನನ್ನ ಮಗಳ ವೈಂಡಿಂಗಲ್ಲಿ ಎಳ್ಳಷ್ಟೂ ತಪ್ಪಿರ್ಲಿಲ್ಲ! ತಪ್ಪು ನನ್ನ ಕೈಯದು! ಹಿಡಿ ಎತ್ತುತ್ತಿದ್ದ ಈ ಕೈಯದು! ಕೇಳಿಸ್ತಾ? ನಿನ್ನ ಮೋಟಾರು ವಾಪಸ್ ತಗೊಂಡು ಬಾ! ಎಲ್ರೂ ತಗೊಂಡು ಬನ್ನಿ!"

ಬೀದಿಗೆಲ್ಲ ಕೇಳಿಸಿತು, ಪಕ್ಕದ ಬೀದಿಗೂ ಕೇಳಿಸಿತು. ಗಿರಣಿಯವನು ಕೈಯೆತ್ತಿ ಹೂಂ ಎಂದು ತಳ್ಳುಗಾಡಿ ತರಲು ಒಳಗೆ ಹೋದ. ಎದೆ ತಟ್ಟಿಕೊಳ್ಳುವುದನ್ನೇ ಬದುಕು ಮಾಡಿಕೊಂಡಿದ್ದ ಫ್ಯೂಸಕ್ಕ ಆಗ ಎದೆ ತಟ್ಟಿಕೊಳ್ಳಲಿಲ್ಲ. ಅಪ್ಪನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಪ್ಪ, ಯಂತ್ರ ಎದ್ದದ್ದು ಕೇಳಿಸ್ತಾ?"

ಮೇಸ್ತ್ರಿ ಅವಳ ತುಟಿಗಳನ್ನು ನೋಡಿದರು. ಒಂದು ಸುಳ್ಳು ಹೇಳಿ ಮಗಳನ್ನು ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ.

"ಇಲ್ಲಮ್ಮ" ಎಂದರು. "ಒಂದೂ ಕೇಳಿಸ್ಲಿಲ್ಲ."

ಫ್ಯೂಸಕ್ಕ ಬೀದಿಯವರೆಲ್ಲರ ಎದುರಿಗೆ, ಸೆರಗು ಬಾಯಿಗೆ ಒತ್ತಿಕೊಳ್ಳದೆ, ಗೊಳೋ ಎಂದು ಅತ್ತಳು. ಮೇಸ್ತ್ರಿ ಅವಳ ತಲೆಯ ಮೇಲೊಮ್ಮೆ ಕೈ ಇಟ್ಟು, ಒಳಗೆ ಹೋಗಿ, ಅಗಲದ ಹಲಗೆಯೊಂದನ್ನು ಎತ್ತಿ ಪ್ಲೇನರಿಗೆ ಕೊಟ್ಟರು.